ಸಿರುಗುಪ್ಪದ ಅಕ್ಕನಿಗಿಂತ ದೊಡ್ಡ ಮಿಷನ್ನು

ಕುರುಗೋಡಿನ ನಮ್ಮ ಓಣಿಯ ಈರಮ್ಮ ಸಾಲಿ ಕಲಿತದ್ದು ಕಡಿಮೆ, ಹೊಟ್ಟೆಕಿಚ್ಚಿನಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. ಇದನ್ನು ಅವಳ ಎದುರಿಗೇ ಹೇಳಿದ್ದೇನೆ, ನಕ್ಕಿದ್ದಾಳೆ. ಆ ಕಿಚ್ಚೆಲ್ಲ ಸಿರುಗುಪ್ಪದಲ್ಲಿರುವ ವಾರಗಿತ್ತಿ, ಬಾಯಲ್ಲಿ ಅಕ್ಕ ಎಂದು ಕರೆಯುವ ಸಾವಂತ್ರಮ್ಮನ ಮೇಲೆ. ಅಕ್ಕ ಮೂಗುತಿ ಮಾಡಿಸಿದರೆ ಇವಳ ಮೂಗು ಉರಿಯುತ್ತಿತ್ತು. ಅಕ್ಕ ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಕಟ್ಟಿಸಿದಾಗಂತೂ ಉಂಡದ್ದು ಮೈಗೆ ಹತ್ತಲಿಲ್ಲ.

"ನಾವೂ ಕಟ್ಟೋಣು. ಆಕೀದಕಿಂತ ದೊಡ್ಡ ಮಿಷನ್ ಇಡೋಣು," ಎಂದು ಗಂಡ ಪಕ್ಕೀರಪ್ಪನ ಬೆನ್ನು ಹತ್ತಿದಳು.

"ಕಾಯಿ ತಂಪು ಇಡಾಕ ಮಿಷನ್ನೋ, ನಮ್ಮ ಅತ್ತಿಗಿ ಹೊಟ್ಟಿ ಉರಸಾಕ ಮಿಷನ್ನೋ?"

"ಎರಡಕ್ಕೂ, ಏನೀಗ?"

ಹೊಲ ಒತ್ತೆ ಇಟ್ಟು ಗೋದಾಮು ಎಬ್ಬಿಸಿದರು. ಇನ್ನು ಮಿಷನ್ ಒಂದು ಕೆಟ್ಟದ್ದು ತಂದರೆ ಹೊಲವೂ ಹೋಗುವ ಮಾತು. ಬಳ್ಳಾರಿಯ ವ್ಯಾಪಾರಿ ವಾಸುದೇವ ಒಂದು ಭಾರಿ ಮಿಷನ್ ತೋರಿಸಿದ. ಪಕ್ಕದಲ್ಲಿ ಎರಡು ಸಣ್ಣವು. ಆ ಜೋಡಿಗೇ ಬೆಲೆ ಹೆಚ್ಚು.

"ಸಣ್ಣವಕ್ಕ ಯಾಕ್ರೀ ಇಷ್ಟು ರೇಟು?"

"ತರುವಾಗ ಹೆಚ್ಚು ಅನಿಸುತ್ತೆ, ಅಮ್ಮಾ. ಹದಿನೈದು ವರ್ಷದ ಕರೆಂಟು, ರಿಪೇರಿ ಕೂಡಿಸಿ ನೋಡಿ."

ಈರಮ್ಮನಿಗೆ ಹದಿನೈದು ವರ್ಷ ಕಾಣಲಿಲ್ಲ, ಸಾವಂತ್ರಮ್ಮನ ಮುಖ ಕಂಡಿತು. "ದೊಡ್ಡದ ಇರ್ಲಿ. ಅಮಾಸಿ ಕಳದ ಮ್ಯಾಲ ಮುಂಗಡ ಕೊಡ್ತೀನಿ."

ನಮ್ಮ ಕಡೆ ಅಮಾವಾಸ್ಯೆಗೆ ಮಿಷನ್ ನಿಲ್ಲಿಸಿ, ತೆಂಗಿನಕಾಯಿ ಒಡೆದು ಪೂಜೆ ಮಾಡುತ್ತಾರೆ. ಸಾವಂತ್ರಮ್ಮ ತನ್ನ ಗೋದಾಮಿನ ಪೂಜೆಗೆ ಈರಮ್ಮನನ್ನೂ ಕರೆದಿದ್ದಳು, ತನ್ನ ಮಿಷನ್ ನೋಡಿ ಉರಿಯಲಿ ಎಂದೇ. ಸುಗ್ಗಿ ಮುಗಿದು ಅರ್ಧಕ್ಕರ್ಧ ಚೀಲಗಳು ಮಾರಾಟವಾಗಿ ಹೋಗಿದ್ದವು. ಮಂಗಳಾರತಿ ಆದಮೇಲೆ ಆಪರೇಟರ್ ವೀರೇಶ್ ಸ್ವಿಚ್ ಹಾಕಿದ. ದೀಪಗಳು ಮಂಕಾದವು. ಮಿಷನ್ ಗುಡುಗಿ, ಸ್ವಲ್ಪ ಹೊತ್ತಿಗೆ ತಾನೇ ನಿಂತಿತು. ಮತ್ತೆ ಗುಡುಗಿತು, ಮತ್ತೆ ನಿಂತಿತು.

"ಇದ್ಯಾಕ ಹಿಂಗ ಬಿಕ್ಕಳಿಸ್ತೈತಿ?"

"ಹೊಸಾ ಚೀಲ ತುಂಬುವಾಗಷ್ಟ ಇದಕ್ಕ ಮೈತುಂಬ ಕೆಲ್ಸ, ಅಕ್ಕಾರ," ಎಂದ ವೀರೇಶ್. "ಈಗ ಚೀಲ ಕಡಿಮಿ, ಸುಮ್ನ ಹತ್ತೂದು, ಆರೂದು, ಕರೆಂಟು ನುಂಗೂದು. ಮೊನ್ನೆ ಕೆಟ್ಟು ನಿಂತಾಗಂತೂ..."

"ಲೇ, ಪ್ರಸಾದ ಹಂಚು ಹೋಗಲೇ!" ಎಂದು ಸಾವಂತ್ರಮ್ಮ ಗದರಿದಳು.

ಮೂಲೆಯಲ್ಲಿ ತಾಡಪಾಲಿನ ಕೆಳಗೆ ಏನೋ ರಾಶಿ ಇತ್ತು. ಈರಮ್ಮ ಅಂಚು ಎತ್ತಿದಳು. ಬಣ್ಣ ಕಳೆದುಕೊಂಡು ಬಿಳಿಚಿದ ಮೆಣಸಿನಕಾಯಿ.

ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವವರೆಗೂ ಅವಳು ತನ್ನೊಳಗೇ ಜಗಳಾಡಿದಳು. ಅಕ್ಕನಿಗಿಂತ ದೊಡ್ಡದು ತಂದರೆ ಅಕ್ಕನಿಗಿಂತ ದೊಡ್ಡ ಲುಕ್ಸಾನೂ ತನ್ನದೇ. ಮನೆಗೆ ಬಂದವಳೇ ವಾಸುದೇವನಿಗೆ ಫೋನ್ ಹಚ್ಚಿದಳು: "ಜೋಡೀನ ಕಳಸ್ರಿ."

ಈಗ ಸುಗ್ಗಿಯಲ್ಲಿ ಎರಡೂ ಓಡುತ್ತವೆ, ಆಮೇಲೆ ಒಂದೇ ಸಾಕು. ಒಂದು ಕೆಟ್ಟರೆ ಇನ್ನೊಂದು ಕಾಯಿಯ ಬಣ್ಣ ಕಾಯುತ್ತದೆ. ಬಾಡಿಗೆ ಕಡಿಮೆಯೆಂದು ತೆಕ್ಕಲಕೋಟೆಯವರು ಹತ್ತಿರದ ಸಿರುಗುಪ್ಪ ಬಿಟ್ಟು ಇವಳಲ್ಲಿಗೆ ಚೀಲ ತರುತ್ತಾರೆ. ಹೊಲ ಬಿಡಿಸಿಕೊಂಡಾಯಿತು. ಆದರೂ ನೆಂಟರು "ಸಾವಂತ್ರಮ್ಮನ ಮಿಷನ್ ಅಂದ್ರ ಆನಿ ಇದ್ದಂಗೈತಿ ಬಿಡು" ಅಂದರೆ ಇವಳ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ಮೊನ್ನೆ ಆ ಅಕ್ಕನೇ ಫೋನ್ ಮಾಡಿದ್ದಳು. "ಈರಮ್ಮ, ಆ ಜೋಡಿ ಮಿಷನ್ ಯಾರ ಕಡೆಯಿಂದ ತಂದ್ರವ್ವಾ? ನಮ್ದೂ ಬದಲಿ ಮಾಡೂದೈತಿ."

"ಅಯ್ಯ, ನೆನಪ ಹಾರೇತಿ ನೋಡಕ್ಕಾ," ಎಂದಳು ಈರಮ್ಮ. ಎದುರಿನ ಗೋಡೆಯ ಮೇಲೆ ವಾಸುದೇವನ ಅಂಗಡಿಯ ಕ್ಯಾಲೆಂಡರ್ ತೂಗುತ್ತಿತ್ತು.