ಪಾಲಿಸಿಗೆಂದು ತೆಗೆದ ಇಸಿಜಿ

ಇಸಿಜಿ ತೆಗೆದ ನರ್ಸ್ ಮತ್ತೊಮ್ಮೆ ತೆಗೆದಳು. ಆಮೇಲೆ ಡಾಕ್ಟರನ್ನು ಕರೆದಳು.

ಕಾಯಿಲೆ ಅಂತ ನಾನು ಶಿಕಾರಿಪುರದ ಆ ಆಸ್ಪತ್ರೆಗೆ ಹೋದವಳಲ್ಲ. ಸೊರಬದಲ್ಲಿ ವೀರೇಶಣ್ಣನ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕಟಿಂಗ್ ಕೆಲಸ ನನ್ನದು. ಹೊಲಿಯುವವರು ಆರು ಜನ, ಕತ್ತರಿಸುವವಳು ನಾನೊಬ್ಬಳೇ. ಯಾವ ಶಾಲೆಗೆ ಯಾವ ಅಳತೆ ಅನ್ನುವುದೆಲ್ಲ ನನ್ನ ತಲೆಯಲ್ಲೇ ಇತ್ತು. ಅದಕ್ಕೇ ಅಣ್ಣ ನನ್ನ ಹೆಸರಲ್ಲಿ ಇನ್ಶೂರೆನ್ಸ್ ಮಾಡಿಸಲು ಹೊರಟಿದ್ದರು. ಇದು ಅದರ ಮೆಡಿಕಲ್ ಟೆಸ್ಟ್.

"ಎದೆನೋವು ಬರುತ್ತಾ?" ಡಾಕ್ಟರ್ ಕೇಳಿದರು.

"ಇಲ್ಲ ಸಾರ್. ಮೆಟ್ಟಿಲು ಹತ್ತಿದ್ರೆ ಸುಸ್ತು. ಎಡಗೈ ಜೋಮು ಹಿಡಿಯುತ್ತೆ. ನಿಂತು ನಿಂತು ಹಿಂಗಾಗೈತೆ ಅಂದ್ಕೊಂಡಿದ್ದೆ."

"ಈಗ್ಲೇ ಶಿವಮೊಗ್ಗಕ್ಕೆ ಹೊರಡಿ. ಮನೆಗೆ ಹೋಗಿ ಬರ್ತೀನಿ ಅನ್ಬೇಡಿ."

ಜೊತೆಗಿದ್ದ ವೀರೇಶಣ್ಣ ಕಾರಿನಲ್ಲಿ ಕರೆದುಕೊಂಡು ಹೋದರು. ಆಂಜಿಯೋಗ್ರಾಮ್ ಮಾಡಿದರು. ಎರಡು ಕಡೆ ಬ್ಲಾಕ್.

ನನಗಿನ್ನೂ ನಲವತ್ತಾರು.

ನಮ್ಮೂರು ಹೊಸಬಾಳೆಯಿಂದ ನನ್ನ ಗಂಡ ನಿಂಗಪ್ಪ, ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಉಟ್ಟ ಬಟ್ಟೆಯಲ್ಲೇ ಓಡಿ ಬಂದರು. ಎರಡು ಸ್ಟೆಂಟ್ ಹಾಕಿದರು. ಐಸಿಯುವಿನಿಂದ ವಾರ್ಡಿಗೆ ಬಂದ ದಿನ, ನನ್ನ ಬ್ಯಾಗಿನಲ್ಲಿದ್ದ ಪಾಲಿಸಿಯ ಅರ್ಜಿ ಓದುತ್ತಿದ್ದ ಅವರು ತಲೆ ಎತ್ತಿದರು.

"ನೀನು ಸತ್ರೆ ದುಡ್ಡು ಅಂಗಡಿಗೆ ಅಂತ ಐತಲ್ಲ ಇದ್ರಲ್ಲಿ. ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ.

ಓದದೆ ಸಹಿ ಹಾಕಿದ್ದೆ. ಆಪರೇಷನ್ ಥಿಯೇಟರಿನಲ್ಲಿ ಬಾರದ ಅಳು ಆಗ ಬಂತು. ನಾನು ಸತ್ತರೆ ಅಂಗಡಿ ಏನಾಗುತ್ತದೆ ಎಂದು ಯೋಚಿಸಿದ ಮನುಷ್ಯನಿಗೆ, ನನ್ನ ಇಬ್ಬರು ಹೆಣ್ಣುಮಕ್ಕಳು ಏನಾಗುತ್ತಾರೆಂದು ಒಮ್ಮೆಯೂ ಅನ್ನಿಸಲಿಲ್ಲವೇ?

ಮರುದಿನ ವೀರೇಶಣ್ಣ ಬಂದಾಗ ನನ್ನ ಗಂಡ ನೇರವಾಗಿಯೇ ಕೇಳಿದರು.

"ಹೌದು ನಿಂಗಪ್ಪ, ಅಂಗಡಿಗೇ," ಅಣ್ಣ ನಿಂತೇ ಹೇಳಿದರು. "ಸುಮಕ್ಕ ಇಲ್ಲ ಅಂದ್ರೆ ಒಂದು ಆರ್ಡರೂ ಮುಗಿಯಲ್ಲ, ಆರು ಜನರ ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಬಿಡಿಸಿ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದೇ."

"ಪಾಲಿಸಿ?" ನಾನು ಕೇಳಿದೆ.

"ಸದ್ಯಕ್ಕೆ ಕೊಡಲ್ಲ ಅಂದ್ರು ಇನ್ಶೂರೆನ್ಸಿನವರು."

"ಮತ್ತೆ ನನ್ನ ಕೆಲಸ?"

ಅವರು ಗಾಬರಿಯಾದರು. "ಎಂಥ ಮಾತು ಸುಮಕ್ಕ! ನಿನ್ನೆ ನಾನೇ ಕತ್ತರಿ ಹಿಡಿದು ಒಂದು ಥಾನು ಬಟ್ಟೆ ಹಾಳು ಮಾಡ್ದೆ. ನೀವು ಕೂತು ಹೇಳಿಕೊಟ್ರೂ ಸಾಕು, ಬನ್ನಿ."

ಎರಡು ತಿಂಗಳಾಯಿತು. ಈಗ ಅರ್ಧ ದಿನ ಹೋಗುತ್ತೇನೆ. ಹೊಲಿಯುವವರಲ್ಲಿ ಸವಿತಾ ಮತ್ತು ರೇಷ್ಮಾ ನನ್ನಿಂದ ಕಟಿಂಗ್ ಕಲಿಯುತ್ತಿದ್ದಾರೆ. ಇಷ್ಟು ವರ್ಷ ನಾನು ಯಾರಿಗೂ ಕಲಿಸಿರಲಿಲ್ಲ. ಕಲಿಸಿದರೆ ನನ್ನನ್ನು ಯಾರು ಕೇಳುತ್ತಾರೆ ಅನ್ನುವ ಭಯ. ಅದೂ ಒಂದು ಲೆಕ್ಕಾಚಾರವೇ ಆಗಿತ್ತು ಅಂತ ಈಗ ಅನ್ನಿಸುತ್ತದೆ. ಅಣ್ಣನ ಮೇಲಿನ ಬೇಸರ ಪೂರ್ತಿ ಹೋಗಿಲ್ಲ. ಆದರೆ ಅವರು ಆ ಟೆಸ್ಟಿಗೆ ಕರೆದುಕೊಂಡು ಹೋಗದಿದ್ದರೆ ಇದನ್ನು ಹೇಳಲು ನಾನೇ ಇರುತ್ತಿರಲಿಲ್ಲವೇನೋ.

ಮೊನ್ನೆ ಸವಿತಾ ಯಾರನ್ನೂ ಕೇಳದೆ ಒಂದು ಪೂರ್ತಿ ಶರ್ಟಿನ ಬಟ್ಟೆ ಕತ್ತರಿಸಿದಳು.

"ಸರಿ ಐತಾ ಅಕ್ಕಾ?"

ಎಲ್ಲಾದರೂ ತಪ್ಪಿದೆಯೇ ಎಂದು ಟೇಪು ಹಿಡಿದು ಎರಡು ಸಲ ಅಳೆದೆ.

"ಸರಿ ಐತೆ," ಅಂದೆ. "ಇನ್ನೊಂದು ಶರ್ಟಿಗೆ ಬಟ್ಟೆ ಹಾಸು."