ಅವ್ವನನ್ನು ಬರೆಸಿದ ದಿನ

ಆ ದಿನಗಳಲ್ಲಿ ನಮ್ಮ ಕಡೆ ಎಣಿಸುವುದು ಅಂದರೆ ತೆಂಗಿನಕಾಯಿ ಎಣಿಸುವುದು. ಎರಡೆರಡು ಕಾಯಿ ಹಿಡಿದು ಗುಡ್ಡೆಗೆ ಎಸೆಯುತ್ತಾ, ‘ಒಂದು’ ಅನ್ನುವ ಬದಲು ‘ಲಾಭ’ ಎಂದು ಶುರು ಮಾಡಿ, ನೂರು ತುಂಬಿದಾಗಲೆಲ್ಲ ಗುರುತಿಗೆಂದು ಒಂದು ಕಾಯಿ ಪಕ್ಕಕ್ಕಿಡುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿಸಿದರೆ ಅವತ್ತು ಅವರ ಗ್ರಹಚಾರ. ಮಾಯಸಂದ್ರಕ್ಕೆ ಎರಡು ಮೈಲಿ ದೂರದ ನಮ್ಮ ಹಳ್ಳಿಯ ಮಕ್ಕಳು ಲೆಕ್ಕ ಕಲಿತದ್ದೇ ಆ ಗುಡ್ಡೆಗಳ ಪಕ್ಕ. ಆದರೆ ಮನುಷ್ಯರನ್ನು ಮಾತ್ರ ಎಣಿಸಬಾರದು ಎಂದು ನಮ್ಮಜ್ಜಿಯ ಕಟ್ಟಪ್ಪಣೆ. ಊಟಕ್ಕೆ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಒಬ್ಬೊಬ್ಬರ ಹೆಸರು ಹೇಳುವಳೇ ಹೊರತು ಸಂಖ್ಯೆ ಹೇಳುತ್ತಿರಲಿಲ್ಲ. “ಕಾಯಿ ಎಣಿಸಿದ್ರೆ ಹೆಚ್ತವೆ, ಜನ ಎಣಿಸಿದ್ರೆ ಕರಗ್ತಾರೆ ಕಣಮ್ಮಿ” ಅನ್ನುವಳು. ಅಂಥವಳ ಮನೆ ಬಾಗಿಲಿಗೆ ಜನಗಣತಿ ಬಂತು.

ನಾನಾಗ ಆರನೇ ಕ್ಲಾಸು. ಶಿವರಾತ್ರಿ ಹತ್ತಿರವಿತ್ತು. ಹಿಂದಿನ ವರ್ಷ ಅಟ್ಟಕ್ಕೆ ಹಾಕಿದ್ದ ಕಾಯಿಗಳನ್ನು ಇಳಿಸಿ ಕೊಬ್ಬರಿ ಮಾಡುವ ಸಮಯ. ಅಜ್ಜಿ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವಳು. ಒಳಗೆ ಗಟಗಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಅರ್ಥ. ಒಡೆದ ಚಿಪ್ಪು ಒಲೆಗೆ ಬಿದ್ದು, ಮನೆಯೆಲ್ಲ ಎಣ್ಣೆ ಸುಟ್ಟಂಥ ಸಿಹಿ ಹೊಗೆ. ನಮ್ಮ ಲಂಗ, ಪುಸ್ತಕ, ಕೊನೆಗೆ ತಲೆಗೂದಲೂ ಅದೇ ವಾಸನೆ. ನಾನೂ ನನ್ನ ತಮ್ಮ ಮಂಜನೂ ಮುರಿದ ಚೂರುಗಳನ್ನು ಬೆಲ್ಲದ ಜೊತೆ ಅಗಿಯುತ್ತಾ ಕುಂಟೆಬಿಲ್ಲೆ ಆಡಿಕೊಂಡಿದ್ದೆವು.

ಮನೆಯಲ್ಲಿ ಅವ್ವ ಇರಲಿಲ್ಲ. ಅಪ್ಪ ಮರ ಹತ್ತಿ ಕಾಯಿ ಕೀಳುವುದರಲ್ಲಿ ಊರಿಗೇ ಹೆಸರುವಾಸಿಯಾಗಿದ್ದವನು. ಒಂದು ದಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಎದ್ದು ಓಡಾಡುವಂತಾದ, ಮರ ಹತ್ತುವಂತಾಗಲಿಲ್ಲ. ಆಗ ಅವ್ವ ಕುವೈತಿಗೆ ಹೋದಳು, ಅಲ್ಲಿ ಯಾರದೋ ಮನೆಯಲ್ಲಿ ಅಡುಗೆ ಮಾಡಲು. ಮೂವತ್ತು ತುಂಬದ ಹೆಂಗಸರನ್ನು ಮನೆಗೆಲಸಕ್ಕೆ ಹೊರದೇಶಕ್ಕೆ ಬಿಡುವುದಿಲ್ಲವಂತೆ. ಕಳಿಸಿದ ಏಜೆಂಟು ಪಾಸ್‌ಪೋರ್ಟಿನಲ್ಲಿ ಅವಳಿಗೆ ಮೂವತ್ತೆರಡು ಎಂದು ಬರೆಸಿದ್ದ. ಅವಳಿಗೆ ಆಗ ಇಪ್ಪತ್ತೇಳು. ಊರಿನವರಿಗೆ ಅಜ್ಜಿ ಹೇಳಿದ್ದು ಬೇರೆ: ಸೊಸೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕಿದ್ದಾಳೆ ಎಂದು.

ಅವ್ವ ಹೋಗಿ ಒಂದು ವರ್ಷದ ಮೇಲಾಗಿತ್ತು. ಅಪ್ಪ ಹೋಟೆಲಿನಿಂದ ಸುದ್ದಿ ತಂದ.

“ಗಣತಿಯೋರು ಹೊರದೇಶಕ್ಕೆ ಹೋದೋರ ಲೆಕ್ಕಾನೂ ಬರ್ಕೊತಾರಂತೆ ಕಣವ್ವಾ. ವಯಸ್ಸು ಗಿಯಸ್ಸು ಎಲ್ಲಾ ತಾಳೆ ನೋಡ್ತಾರಂತೆ.”

“ನೋಡಿದ್ರೆ?”

“ಸುಳ್ಳು ಅಂತ ಗೊತ್ತಾದ್ರೆ ಬರೋವಾಗ ವಿಮಾನದ ತಾವೇ ಹಿಡ್ಕತಾರಂತೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅವತ್ತು ಮೂವರೂ ಹೆಗಲು ಮುಟ್ಟಿಕೊಂಡೆವು. ಅಪ್ಪ ಬೀಡಿ ಹಚ್ಚುವುದನ್ನೇ ಮರೆತ. ಅಜ್ಜಿ ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸದೆ ಹಾಗೇ ಇಟ್ಟಳು. ಬೆಂಗಳೂರು ಅಂತ ಹೇಳಿದರೆ ಯಾವ ಆಸ್ಪತ್ರೆ, ಯಾವ ಬೀದಿ ಎಂದು ಕೇಳುತ್ತಾರೆ. ಅದಕ್ಕಿಂತ ಸೊಸೆ ಮನೆಯಲ್ಲೇ ಇದ್ದಾಳೆ ಅಂದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಗಣತಿ ಅಂದರೆ ತಲೆ ನೋಡಿಯೇ ಎಣಿಸುತ್ತಾರೆ ಎಂದು ಅಜ್ಜಿಯ ನಂಬಿಕೆ. ಕಣ್ಣಿಗೆ ಕಾಣದ ಕಾಯಿಯನ್ನು ಯಾರು ಎಣಿಸಿದ್ದಾರೆ?

ಅಪ್ಪ ಮಾರನೆಯ ದಿನ ಅವ್ವನ ತವರು ದಂಡಿನಶಿವರಕ್ಕೆ ಹೋಗಿ ಅವಳ ತಂಗಿ ಭಾಗ್ಯ ಚಿಕ್ಕಮ್ಮನನ್ನು ಕರೆದುಕೊಂಡು ಬಂದ.

ನಮ್ಮ ಊರಿನ ಗಣತಿಗೆ ನಮ್ಮ ಸ್ಕೂಲಿನ ಮೇಷ್ಟ್ರನ್ನೇ ಹಾಕಿದ್ದರು. ಜೂನಿನಲ್ಲಷ್ಟೇ ವರ್ಗವಾಗಿ ಬಂದವರು, ಅವ್ವನನ್ನು ನೋಡಿರಲಿಲ್ಲ. ಅಜ್ಜಿಯ ಧೈರ್ಯವೆಲ್ಲ ಅದರ ಮೇಲೆ ನಿಂತಿತ್ತು. ಚಿಕ್ಕಮ್ಮನಿಗೆ ಅವ್ವನ ಹಸಿರು ಸೀರೆ ಉಡಿಸಿದಳು. ತಾಳಿ, ಕಾಲುಂಗುರದ ಮಾತು ಬಂದಾಗ ಮಾತ್ರ ಅಜ್ಜಿಯೇ ಹಿಂದೇಟು ಹಾಕಿದಳು. ಚಿಕ್ಕಮ್ಮನಿಗಿನ್ನೂ ಮದುವೆಯಾಗಿರಲಿಲ್ಲ, ಸಂಪಿಗೆ ಅನ್ನುವ ಊರಿನ ಕಡೆಯ ಒಂದು ಸಂಬಂಧ ಮಾತಿನಲ್ಲಿತ್ತು.

“ಸುಳ್ಳಿಗೂ ಒಂದು ಮಿತಿ ಐತೆ. ಮದುವೆಯಾಗದ ಹೆಣ್ಣು ಅವನ್ನೆಲ್ಲ ಹಾಕಬಾರ್ದು. ಸೆರಗು ಮುಚ್ಕೊಂಡು, ಕಾಲು ಮಡುಚ್ಕೊಂಡು ಕುತ್ಕೋ. ಏಳಬ್ಯಾಡ.”

“ಏಳಲ್ಲ ಬುಡತ್ತೆ” ಅಂದಳು ಚಿಕ್ಕಮ್ಮ. ಅವಳ ಮುಖ ಬಿಳಿಚಿಕೊಂಡಿತ್ತು.

ಇನ್ನು ನಮ್ಮಿಬ್ಬರ ತಾಲೀಮು. ಮಂಜನಿಗೆ ನಾಲ್ಕು ವರ್ಷ. ಚಿಕ್ಕಮ್ಮನನ್ನು ಅವ್ವ ಎಂದು ಕರೆದರೆ ಕೊಬ್ಬರಿ ಬೆಲ್ಲ ಎಂದು ಅಜ್ಜಿ ಆಸೆ ತೋರಿಸಿದಳು. ಒಂದೇ ಹೊತ್ತಿನಲ್ಲಿ ಅವನು ಪಾಠ ಒಪ್ಪಿಸಿಬಿಟ್ಟ. ಅವ್ವ ಹೋದಾಗ ಅವನಿಗಿನ್ನೂ ಮೂರು ತುಂಬಿರಲಿಲ್ಲ, ಅವನದೇನು ತಪ್ಪು. ನನಗೆ ಮೂರು ದಿನವಾದರೂ ಆ ಮಾತು ಬಾಯಿಂದ ಹೊರಡಲಿಲ್ಲ. ಚಿಕ್ಕಮ್ಮ ಅಂದರೆ ನನಗೆ ಪ್ರಾಣ. ಆದರೂ ಅವಳನ್ನು ಹಾಗೆ ಕರೆದರೆ ಅಲ್ಲೆಲ್ಲೋ ಅವ್ವನಿಗೆ ಏನೋ ಆಗಿಬಿಡುತ್ತದೆ ಎಂದು ಹೆದರಿಕೆ. ಅಜ್ಜಿ ಮೊದಲು ಪುಸಲಾಯಿಸಿದಳು, ಆಮೇಲೆ ಗದರಿದಳು, ಕೊನೆಗೆ ನನ್ನ ಗಲ್ಲ ಹಿಡಿದು ಮೆಲ್ಲಗೆ ಹೇಳಿದಳು: “ಗೀತಾ, ನಿನ್ ಬಾಯಿಂದ ಆ ಒಂದ್ ಮಾತು ಬರ್ಲಿಲ್ಲ ಅಂದ್ರೆ ನಿಮ್ಮವ್ವ ಊರು ಸೇರಲ್ಲ ಕಣಮ್ಮಿ.”

ಹೇಳಿದರೆ ಒಂದು ಭಯ, ಹೇಳದಿದ್ದರೆ ಇನ್ನೊಂದು. ಆ ರಾತ್ರಿ ನನ್ನ ಪಾಲಿನ ಮುದ್ದೆಯನ್ನು ಮಂಜನ ತಟ್ಟೆಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಕಂಕುಳಲ್ಲಿ ದೊಡ್ಡ ಫಾರಂಗಳ ಚೀಲ. ಜಗಲಿಯ ಮೇಲೆ ಚಾಪೆ ಹಾಸಿತ್ತು. ಅಜ್ಜಿ ಒಂದು ಕಡೆ, ಅಪ್ಪ ಕಂಬಕ್ಕೊರಗಿ, ಒಳಬಾಗಿಲ ಹತ್ತಿರ ಚಿಕ್ಕಮ್ಮ ಹಸಿರು ಸೀರೆಯಲ್ಲಿ ಮುದುರಿ ಕೂತಿದ್ದಳು. ಮಂಜ ಬೆಲ್ಲ ನೆಕ್ಕುತ್ತಾ ಅವಳ ತೊಡೆ ಏರಿದ್ದ.

ಮೇಷ್ಟ್ರು ಅಪ್ಪನ ಹೆಸರು ಬರೆದರು, ಅಜ್ಜಿಯ ಹೆಸರು ಬರೆದರು. “ಇವರು?” ಎಂದು ಚಿಕ್ಕಮ್ಮನ ಕಡೆ ನೋಡಿದರು.

“ನನ್ ಸೊಸೆ ಸ್ವಾಮಿ. ಶಾಂತಮ್ಮ ಅಂತ” ಅಜ್ಜಿ ಪಟ್ಟನೆ ಅಂದಳು.

“ವಯಸ್ಸು?”

“ಇಪ್ಪತ್ತೆಂಟು” ಅಂದಳು ಚಿಕ್ಕಮ್ಮ. ಅದನ್ನು ಬಾಯಿಪಾಠ ಮಾಡಿಸಿತ್ತು.

“ಮದುವೆಯಾದಾಗ ಎಷ್ಟು ವಯಸ್ಸಮ್ಮ?”

ಈ ಪ್ರಶ್ನೆ ನಮ್ಮ ತಾಲೀಮಿನಲ್ಲಿ ಇರಲಿಲ್ಲ. ಚಿಕ್ಕಮ್ಮ ಅಜ್ಜಿಯ ಮುಖ ನೋಡಿದಳು, ಅಜ್ಜಿ ಅಪ್ಪನ ಮುಖ ನೋಡಿದಳು. “ಇಪ್ಪತ್ತು” ಅಂದುಬಿಟ್ಟಳು ಚಿಕ್ಕಮ್ಮ. ಮೇಷ್ಟ್ರು ಪೆನ್ನು ಎತ್ತಿಕೊಂಡೇ ನನ್ನ ಕಡೆ ತಿರುಗಿದರು. ಹನ್ನೊಂದು ತುಂಬಿದ, ಅವರದೇ ಕ್ಲಾಸಿನ ಹುಡುಗಿ ನಾನು. ಲೆಕ್ಕ ಅವರಿಗಿಂತ ಮೊದಲು ನನಗೇ ಹೊಳೆದು ಕಿವಿ ಬಿಸಿಯಾಯಿತು.

“ಅಯ್ಯೋ, ಹದಿನೆಂಟು ಬರ್ಕೊಳಿ ಸ್ವಾಮಿ” ಅಂದಳು ಅಜ್ಜಿ. ಅದೂ ಕೂಡಿಬರಲಿಲ್ಲ. “ಆ ಕಾಲ್ದಲ್ಲಿ ಯಾರು ಲೆಕ್ಕ ಮಡಗಿದ್ರು. ಮಳೆ ಚೆನ್ನಾಗಿ ಆಗಿದ್ ವರ್ಷ ಮದ್ವೆ ಆಯ್ತು.”

ಮೇಷ್ಟ್ರು ಮಂಜನನ್ನು ನೋಡಿ ನಕ್ಕರು. “ಯಾರೋ ಇವರು ನಿಂಗೆ?”

“ಅವ್ವ” ಅಂದ ಮಂಜ, ಬೆಲ್ಲದ ಬಾಯಲ್ಲೇ. ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಇನ್ನೇನು ಮುಗಿಯಿತು ಅನ್ನುವಾಗ ಮೇಷ್ಟ್ರು ಪೆನ್ನು ಕೆಳಗಿಟ್ಟು, ಚಿಕ್ಕಮ್ಮನಿಗೇ ಹೇಳಿದರು: “ಬಿಸಿಲು ಜಾಸ್ತಿ. ಕುಡಿಯಕ್ಕೆ ಸ್ವಲ್ಪ ನೀರು ಕೊಡಿಯಮ್ಮ.”

ಮನೆಗೆ ಬಂದವರು ನೀರು ಕೇಳಿದರೆ ಸೊಸೆ ಏಳಬೇಕು. ಎದ್ದರೆ ಕಾಲು ಕಾಣುತ್ತದೆ. ಕಾಲುಂಗುರವಿಲ್ಲದ ಬೋಳು ಬೆರಳು ಕಂಡರೆ ಮಿಕ್ಕದ್ದೆಲ್ಲ ತಾನೇ ಹೊರಬೀಳುತ್ತದೆ. ಚಿಕ್ಕಮ್ಮ ಮಂಜನನ್ನು ತೊಡೆಯಿಂದ ಇಳಿಸಲೂ ಆಗದೆ, ಹಾಗೇ ಕೂರಲೂ ಆಗದೆ ಒಂದು ಕೈ ನೆಲಕ್ಕೂರಿದಳು. ಅಜ್ಜಿಗೆ ಏಳಲು ಮಂಡಿ ನೋವು. ಎಲ್ಲರೂ ಚಿಕ್ಕಮ್ಮನ ಸೀರೆಯ ಅಂಚನ್ನೇ ನೋಡುತ್ತಿದ್ದೆವು.

“ಕುತ್ಕೋ ಅವ್ವ, ನಾನ್ ತತ್ತೀನಿ” ಅಂದೆ.

ಮೂರು ದಿನ ಗದರಿಸಿದರೂ ಬಾರದ ಮಾತು, ಯಾರೂ ಹೇಳದೆ, ದಿನಾ ಹೇಳುವ ಮಾತಿನಂತೆ ಬಂದುಬಿಟ್ಟಿತು. ಒಳಗೆ ಓಡಿದವಳು ಚೊಂಬು ತುಂಬಿಕೊಂಡು ಹಂಡೆಯ ಹತ್ತಿರವೇ ನಿಂತುಬಿಟ್ಟೆ. ಭಯಕ್ಕಲ್ಲ. ಒಂದು ವರ್ಷದಿಂದ ಯಾರನ್ನೂ ಹಾಗೆ ಕರೆದಿರಲಿಲ್ಲ, ಕರೆದದ್ದು ಹಿತವಾಗಿತ್ತು. ಅದಕ್ಕೇ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮೇಷ್ಟ್ರು ನೀರು ಕುಡಿದು, ಅಜ್ಜಿ ಕೊಟ್ಟ ಎರಡು ಕೊಬ್ಬರಿ ಗಿಟುಕನ್ನು ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡು ಹೊರಟರು. ಅವರು ಬೀದಿ ತಿರುಗಿದ ಮೇಲೆ ಚಿಕ್ಕಮ್ಮ ನನ್ನನ್ನು ಎಳೆದು ತಬ್ಬಿಕೊಂಡಳು. ಅಜ್ಜಿ ನನ್ನ ತಲೆಗೆ ದೃಷ್ಟಿ ನಿವಾಳಿಸಿದಳು. “ಉಳಿಸ್ದೆ ಕಣಮ್ಮಿ ನಿಮ್ಮವ್ವನ್ನ” ಅಂದಳು. ನಾನು ಉಳಿಸಿದೆನೋ ಬಿಟ್ಟುಕೊಟ್ಟೆನೋ ನನಗೇ ತಿಳಿಯಲಿಲ್ಲ.

ಮಾರನೆಯ ದಿನ ಸ್ಕೂಲು ಬಿಟ್ಟ ಮೇಲೆ ಮೇಷ್ಟ್ರು ನನ್ನನ್ನು ನಿಲ್ಲಿಸಿಕೊಂಡರು.

“ನಿನ್ನೆ ಕೂತಿದ್ದೋರು ನಿಮ್ಮ ಚಿಕ್ಕಮ್ಮ ತಾನೇ? ಊರಿಗೆ ಹೋದ್ರಾ?”

ಅವರು ನನ್ನ ಕನ್ನಡ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ತೋರಿಸಿದರು. ಅವ್ವನ ಕಾಗದದಿಂದ ನೀರು ಹಚ್ಚಿ ಬಿಡಿಸಿದ ಕುವೈತಿನ ಸ್ಟಾಂಪನ್ನು ನಾನೇ ಅಲ್ಲಿ ಅಂಟಿಸಿ, ಕೆಳಗೆ ‘ನಮ್ಮ ಅವ್ವನ ಊರು’ ಎಂದು ಬರೆದಿದ್ದೆ.

“ಇದನ್ನ ದಸರಾ ರಜಕ್ಕೆ ಮುಂಚೇನೇ ನೋಡಿದ್ದೆ” ಅಂದರು. “ಹೆದರಬೇಡ. ಹೊರದೇಶಕ್ಕೆ ಹೋದೋರು ಯಾರು ಅಂತ ಕೇಳೋ ಪ್ರಶ್ನೇನೇ ಈ ಫಾರಂನಲ್ಲಿ ಇಲ್ಲ. ಇಲ್ಲಿ ಬರೆದಿದ್ದನ್ನ ಪೊಲೀಸ್ರಿಗೂ ಕೊಡಲ್ಲ. ನಿಮ್ಮಜ್ಜಿಗೆ ಹೇಳು.”

“ಹಂಗಾದ್ರೆ ನಮ್ಮವ್ವನ ಹೆಸರು ಐತಾ ಸಾರ್?”

“ಇಲ್ಲಮ್ಮ. ಇಲ್ಲಿ ಇರೋರನ್ನ ಮಾತ್ರ ಬರೀಬೇಕು. ನಿಮ್ಮನೇಲಿ ನಾಲ್ಕೇ ಜನ.”

“ಮತ್ತೆ ಅವಳನ್ನ ಎಲ್ಲಿ ಬರೀತಾರೆ?”

ಮೇಷ್ಟ್ರು ನೋಟ್‌ಬುಕ್ಕು ಮಡಿಸಿ ನನ್ನ ಕೈಗೆ ಕೊಟ್ಟರು. “ನಮ್ಮಲ್ಲಿ ಎಲ್ಲೂ ಇಲ್ಲಮ್ಮ” ಅಂದರು.

ಅಜ್ಜಿಗೆ ಅರ್ಧ ಹೇಳಿದೆ. ಪೊಲೀಸಿನ ಭಯವಿಲ್ಲ ಅಂದೆ, ಹೆಸರಿಲ್ಲ ಅನ್ನಲಿಲ್ಲ. ಸೊಸೆಯನ್ನು ಸರ್ಕಾರದ ಪುಸ್ತಕದಲ್ಲಿ ಬರೆಸಿದ್ದೇನೆ, ಬಂದೇ ಬರುತ್ತಾಳೆ ಎಂದು ಅವಳು ಕೊನೆಯವರೆಗೂ ಹೇಳಿಕೊಂಡಳು. ಸೊಸೆ ಬರುವ ಮೊದಲಿನ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಅವಳ ಮಣ್ಣಿಗೂ ಅವ್ವ ಬರಲಾಗಲಿಲ್ಲ.

ನಾನೂ ಈಗ ಮೇಡಂ ಆಗಿದ್ದೇನೆ, ಗಣತಿಯ ಕೆಲಸವನ್ನೂ ಮಾಡಿದ್ದೇನೆ. ಫಾರಂ ಕೈಗೆ ಬಂದ ದಿನ ಬೇರೆಲ್ಲ ಬಿಟ್ಟು ಮೊದಲು ಆ ಪ್ರಶ್ನೆಯನ್ನೇ ಹುಡುಕಿದೆ. ಎಲ್ಲಿ ಹುಟ್ಟಿದಿರಿ, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಎಲ್ಲ ಕೇಳುತ್ತದೆ. ನಿಮ್ಮ ಮನೆಯಿಂದ ಯಾರು ದೇಶ ಬಿಟ್ಟು ಹೋದರು, ಹೋಗಿ ಎಷ್ಟು ಕಾಲವಾಯಿತು ಎಂದು ಕೇಳುವುದಿಲ್ಲ. ಇಲ್ಲದ ಒಂದು ಪ್ರಶ್ನೆಗೆ ಹೆದರಿ ನಮ್ಮ ಮನೆ ಅಷ್ಟು ದೊಡ್ಡ ಉತ್ತರ ಕಟ್ಟಿತ್ತು. ಈಗ ಹೊಸ ಗಣತಿಯ ಮಾತು ಬಂದಾಗ ಸಹೋದ್ಯೋಗಿಗಳು ನಮ್ಮ ತಾಲ್ಲೂಕಿನಿಂದ ಎಷ್ಟು ಜನ ಹೊರಗಿದ್ದಾರೋ ಎಂದು ಊಹೆ ಮಾಡುತ್ತಾರೆ. ಆ ಲೆಕ್ಕ ಇಂದಲ್ಲ ನಾಳೆ ಯಾರಾದರೂ ಮಾಡಿಯಾರು. ಹಾಗೆ ಹೋದವರು ತಿರುಗಿ ಬಂದಾಗ ಮನೆಯಲ್ಲಿ ಅವರ ಪಾಲಿನದು ಏನು ಉಳಿದಿರಲಿಲ್ಲ ಎಂಬುದನ್ನು ಬರೆದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಅಜ್ಜಿ ತೀರಿಕೊಂಡ ಮೇಲಿನ ಬೇಸಿಗೆಯಲ್ಲಿ ಅವ್ವ ಬಂದಳು. ವಿಮಾನದ ಹತ್ತಿರ ಯಾರೂ ಹಿಡಿಯಲಿಲ್ಲ. ಮಂಜ ಅವಳನ್ನು ನೋಡಿ ಅಪ್ಪನ ಹಿಂದೆ ಅವಿತುಕೊಂಡ, ಅವನಿಗೆ ಅವ್ವ ಅಂದರೆ ದಂಡಿನಶಿವರದಲ್ಲಿರುವವಳು. ನಾನು ದೊಡ್ಡವಳು, ನನಗೆಲ್ಲ ನೆನಪಿತ್ತು. ಆದರೂ ಅವಳನ್ನು ಕರೆಯಲು ಬಾಯಿ ತೆರೆದರೆ ಮುಂದೆ ಬರುತ್ತಿದ್ದದ್ದು ಹಸಿರು ಸೀರೆಯುಟ್ಟು ಕಾಲು ಮಡಿಸಿ ಕೂತವಳ ಮುಖ. ತಿಂಗಳುಗಟ್ಟಲೆ ‘ಊಟಕ್ಕೆ ಬಾ’, ‘ಜಡೆ ಹಾಕು’ ಎಂದಷ್ಟೇ ಮಾತಾಡಿದೆ. ಒಂದು ಮಧ್ಯಾಹ್ನ ಕೊಬ್ಬರಿ ಬಿಡಿಸುತ್ತಾ ಕೂತಿದ್ದವಳು ತಲೆಯೆತ್ತದೆ ಕೇಳಿದಳು:

“ಮಂಜ ಚಿಕ್ಕವನು, ಮರ್ತ. ನೀನ್ಯಾಕಮ್ಮಿ ಕರೆಯಲ್ಲ ನನ್ನ?”

ನಾನೊಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಅವ್ವನಿಗೆ ಈಗ ಐವತ್ತು ದಾಟಿದೆ, ಇವತ್ತಿಗೂ ನಾನು ಅವಳಿಗೆ ಆ ಭಾನುವಾರದ ಕಥೆ ಹೇಳಿಲ್ಲ. ಅವ್ವ ಅನ್ನುತ್ತೇನೆ, ಅನ್ನದೆ ಇರುವುದಿಲ್ಲ. ಆದರೆ ಅನ್ನುವ ಮುಂಚೆ ಒಂದು ಗಳಿಗೆ ತಡೆಯುತ್ತದೆ. ಆ ಒಂದು ಗಳಿಗೆ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಾಯುತ್ತಾಳೆ.