ಡನ್ನೇಜ್ ಹಲಗೆಯ ಗೊಂಬೆಮೆಟ್ಟಿಲು

ಹೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಗೋದಾಮೊಂದರ ಹಿಂದೆ ಹಸಿ ಪೈನ್ ಮರದ ವಾಸನೆ ಮೂಗಿಗೆ ಬಡಿದಾಗಿನಿಂದ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ.

ಅಪ್ಪ ಹೂಸ್ಟನ್ ಬಂದರಿನಲ್ಲಿ ಸರಕು ತಪಾಸಣೆ ಮಾಡುತ್ತಿದ್ದರು. ದಸರಾ ಹತ್ತಿರವಾದಾಗ ಡನ್ನೇಜ್ ಹಲಗೆಗಳನ್ನು ತರುತ್ತಿದ್ದರು. ಹಡಗಿನಲ್ಲಿ ಸರಕು ಅಲುಗದಂತೆ ಸಂದಿಗೆ ತುರುಕಿ, ದಡ ಸೇರಿದ ಮೇಲೆ ಎಸೆಯುವ ಮರವದು. ಅದರಲ್ಲೇ ಗೊಂಬೆಗಳಿಗೆ ಮೆಟ್ಟಿಲು ಕಟ್ಟುತ್ತಿದ್ದರು. ಅಮ್ಮ ಅದರ ಮೇಲೆ ಬಿಳಿ ಪಂಚೆ ಹಾಸಿ ಮುಚ್ಚುತ್ತಿದ್ದಳು.

"ಸ್ಟೆಪ್ಸ್ ಮೈಸೂರಿಂದ ತರಿಸಿದ್ರಾ?" ಒಂದು ವರ್ಷ ಗೊಂಬೆ ನೋಡಲು ಬಂದ, ಪಕ್ಕದೂರು ಶುಗರ್ ಲ್ಯಾಂಡಿನ ಆಂಟಿಯೊಬ್ಬರು ಕೇಳಿದರು.

"ಹೂಂ," ಎಂದಳು ಅಮ್ಮ.

ಅಪ್ಪ ತರಚಿದ ಬೆರಳುಗಳನ್ನು ಜೇಬಿಗೆ ಸೇರಿಸಿದರು. ನನಗೆ ಮೈಯೆಲ್ಲ ಉರಿಯಿತು. ಹೊರೆ ಹೊತ್ತದ್ದನ್ನೇ ಮುಚ್ಚಿಡಬೇಕೆ?

ಈ ವರ್ಷ ಗೊಂಬೆ ಕೂರಿಸಿದ್ದು ನನ್ನ ಮನೆಯಲ್ಲಿ, ಆ ಗೋದಾಮಿನ ಹಿಂದೆ ಸಿಕ್ಕ ಹಲಗೆಗಳ ಮೆಟ್ಟಿಲ ಮೇಲೆ. "ಒಂದು ಪಂಚೆಯಾದ್ರೂ ಹಾಸೇ," ಎಂದು ಅಮ್ಮ ಫೋನಿನಲ್ಲಿ ಗೋಗರೆದಳು. ನಾನು ಹಾಸಲಿಲ್ಲ. ಅಪ್ಪ ಬಂದವರು ಬರಿ ಹಲಗೆಯ ಮೇಲೆ ಅಂಗೈ ಆಡಿಸಿ, "ಸುತ್ತಿಗೆ ಕೊಡೇ, ಇಲ್ಲೊಂದು ಮೊಳೆ ಎದ್ದಿದೆ" ಎಂದರು.